ಇಳಕಲ್ ಸೀರೆ ಮತ್ತು ಆನ್‌ಲೈನ್ ಅಭಿಮಾನಿಗಳು: ಮಗ್ಗಕ್ಕೆ ಆಸರೆಯಾದವರೇ ಹೊರೆ ಆಗ್ತಿದ್ದಾರಾ?

ಇಳಕಲ್: ಆಗಸ್ಟ್ 7 ಹತ್ತಿರ ಬಂತೆಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ತುಂಬ ಕೈಮಗ್ಗದ ಸೀರೆಗಳದ್ದೇ ಸುದ್ದಿ. ರಾಷ್ಟ್ರೀಯ ಕೈಮಗ್ಗ ದಿನದ ನೆಪದಲ್ಲಿ ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ ಇರುವವರು ಬೀರು ತೆಗೆದು ಸೀರೆ ಉಟ್ಟು ಫೋಟೊ ಹಾಕ್ತಾರೆ. ಅದರಲ್ಲಿ ಕೆಂಪು ಸೆರಗಿನ ಇಳಕಲ್ ಸೀರೆಗೆ ಒಂದು ಜಾಗ ಇದ್ದೇ ಇರುತ್ತದೆ. ಫೋಟೊ ಕೆಳಗೆ "ಎಲ್ಲಿ ಸಿಗುತ್ತೆ?", "ನೇಕಾರರ ನಂಬರ್ ಕೊಡಿ" ಎಂಬ ಸಾಲು ಸಾಲು ಕೋರಿಕೆ.

ಜಿಲ್ಲೆಯ ಮಗ್ಗಗಳಿಗೆ ಇದು ಒಳ್ಳೆಯ ಸುದ್ದಿಯೇ. ಸರ್ಕಾರದ ಮೇಳ, ಮಳಿಗೆಗಳು ಮುಟ್ಟದ ಗಿರಾಕಿಯನ್ನು ಈ ಸೀರೆಪ್ರಿಯರ ಗುಂಪುಗಳು ಮುಟ್ಟಿವೆ. ಆದರೆ ಕಳೆದ ಕೆಲವು ವರ್ಷಗಳಲ್ಲಿ ಅದೇ ಗುಂಪುಗಳಿಗೂ ಸೀರೆ ನೇಯುವ, ಮಾರುವ ಸಣ್ಣ ಮಂದಿಗೂ ನಡುವೆ ಒಂದು ಕಸಿವಿಸಿ ಬೆಳೀತಾ ಬಂದಿದೆ. ಗುಂಪಿನವರಿಗೆ "ನಾವು ಇಷ್ಟು ಪ್ರಚಾರ ಕೊಟ್ಟರೂ ಮೋಸ, ತಡ, ಉಡಾಫೆ" ಎಂಬ ಸಿಟ್ಟು. ಮಗ್ಗದ ಕಡೆಯವರಿಗೆ "ಕೈಕೆಲಸ ಬೇಕಂತಾರ, ಕೈಕೆಲಸಕ್ಕ ಹಿಡಿಯೋ ಹೊತ್ತು ಮಾತ್ರ ಕೊಡಂಗಿಲ್ಲ" ಎಂಬ ಬೇಸರ. ಇಬ್ಬರ ಮಾತಿನಲ್ಲೂ ನಿಜ ಇದೆ. ಜಗಳದ ಬೇರು ಎಲ್ಲಿದೆ ಅಂತ ನೋಡಿದರೆ ಅದು ಯಾರದೋ ಒಬ್ಬರ ಸ್ವಭಾವದಲ್ಲಿಲ್ಲ. ಸೀರೆ ತಯಾರಾಗುವ ರೀತಿಗೂ ಈಗ ಅದು ಮಾರಾಟವಾಗುವ ರೀತಿಗೂ ಹೊಂದಿಕೆ ಇಲ್ಲದಿರುವುದೇ ಮೂಲ.

ಹಳೇ ಗಿರಾಕಿ, ಹೊಸ ಗಿರಾಕಿ

ಇಳಕಲ್ ಸೀರೆ ಮೊದಲಿನಿಂದ ನಿತ್ಯದ ಉಡುಗೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ, ಗಡಿ ದಾಟಿ ಮಹಾರಾಷ್ಟ್ರದಲ್ಲಿ (ಅಲ್ಲಿ ಇದಕ್ಕೆ 'ಇರ್ಕಲ್' ಎಂದೇ ಹೆಸರು) ಹೊಲ, ಮನೆ, ಜಾತ್ರೆ ಎಲ್ಲಕ್ಕೂ ಉಡುತ್ತಿದ್ದದ್ದು ಇದನ್ನೇ. ಎಂಟು ವಾರಿ, ಒಂಬತ್ತು ವಾರಿ ಸೀರೆ, ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ. ಆ ಗಿರಾಕಿಗೆ ಅಂಗಡಿಯವನ ಗುರುತಿತ್ತು, ಉದ್ರಿ ಖಾತೆ ಇತ್ತು. ಗೋಮಿ ದಡಿ, ಗಾಡಿ ದಡಿ, ಚಿಕ್ಕಿ ಪರಾಸ ಎಂದು ಹೆಸರು ಹಿಡಿದು ಕೇಳುತ್ತಿದ್ದರು. ಬಟ್ಟೆ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಸರ್ಟಿಫಿಕೇಟು ಕೇಳುವ ಪ್ರಮೇಯ ಬರುತ್ತಿರಲಿಲ್ಲ.

ಆ ತಲೆಮಾರು ಕಡಿಮೆಯಾಗ್ತಿದೆ. ಹಳ್ಳಿಯ ಹೊಸ ಪೀಳಿಗೆ ಸಿಂಥೆಟಿಕ್ ಸೀರೆ, ಚೂಡಿದಾರ್, ನೈಟಿಗೆ ಹೋಗಿಯಾಯಿತು. ಆ ಜಾಗಕ್ಕೆ ಬಂದವರು ನಗರದ ಓದಿದ, ಉದ್ಯೋಗದಲ್ಲಿರುವ ಮಹಿಳೆಯರು. ಇವರು ಆರು ವಾರಿ ಸೀರೆಯವರು. ವರ್ಷಕ್ಕೆರಡು ಸೀರೆ ತಗೊಂಡು ಹರಿಯುವ ತನಕ ಉಡುವವರಲ್ಲ. ಹತ್ತು ರಾಜ್ಯದ ಹತ್ತು ನೇಯ್ಗೆ ಕೂಡಿಸುವ ಹವ್ಯಾಸ ಇವರದು. ಒಂದು ಇಳಕಲ್, ಒಂದು ಜಾಮದಾನಿ, ಒಂದು ಮಹೇಶ್ವರಿ, ಒಂದು ಉಡುಪಿ ಸೀರೆ. ಸೀರೆಯ ಜೊತೆಗೆ ಅದರ ಕಥೆಯೂ ಇವರಿಗೆ ಬೇಕು.

2015ರ ಮಾರ್ಚ್‌ನಲ್ಲಿ ಬೆಂಗಳೂರಿನ ಇಬ್ಬರು ಗೆಳತಿಯರು ಶುರು ಮಾಡಿದ '100 ಸೀರೆ ಒಪ್ಪಂದ' ಈ ಹವ್ಯಾಸಕ್ಕೆ ದೊಡ್ಡ ತಿರುವು ಕೊಟ್ಟಿತು. ವರ್ಷದಲ್ಲಿ ನೂರು ಸಲ ಸೀರೆ ಉಡುವುದು, ಪ್ರತಿ ಸೀರೆಯ ಹಿಂದಿನ ನೆನಪು ಬರೆಯುವುದು, ಇಷ್ಟೇ ಅದರ ನಿಯಮ. ಅದೇ ವರ್ಷ ಆಗಸ್ಟ್ 7ರಂದು ಮೊದಲ ರಾಷ್ಟ್ರೀಯ ಕೈಮಗ್ಗ ದಿನವನ್ನೂ ಕೇಂದ್ರ ಸರ್ಕಾರ ಆಚರಿಸಿತು. 1905ರ ಸ್ವದೇಶಿ ಚಳವಳಿ ಶುರುವಾದ ದಿನದ ನೆನಪಿಗೆ ಆ ತಾರೀಖು. ಆಮೇಲೆ ಇಂಥ ಗುಂಪುಗಳು ಊರೂರಿಗೆ, ಭಾಷೆ ಭಾಷೆಗೆ ಹುಟ್ಟಿಕೊಂಡವು.

ಗುಂಪುಗಳಿಂದ ಆದ ಉಪಕಾರ ಸಣ್ಣದಲ್ಲ

2020ರ ಲಾಕ್‌ಡೌನ್‌ನಲ್ಲಿ ಮದುವೆ, ಜಾತ್ರೆ, ಸಂತೆ ಎಲ್ಲ ನಿಂತು, ನೇಯ್ದ ಸೀರೆ ಮನೆಯಲ್ಲೇ ಗಂಟು ಬಿದ್ದಾಗ ದೇಶದ ಎಷ್ಟೋ ನೇಕಾರ ಊರುಗಳ ದಾಸ್ತಾನು ಕರಗಿದ್ದು ಇಂಥ ಗುಂಪುಗಳ ಮೂಲಕ. ಯಾರೋ ಒಬ್ಬರು ವಿಡಿಯೊ ಹಾಕುವುದು, ಸದಸ್ಯರು ಮುಂಗಡ ಹಾಕುವುದು, ಪಾರ್ಸೆಲ್ ಹೋಗುವುದು. ಮಧ್ಯದ ಅಂಗಡಿಯ ಕಮಿಷನ್ ಇಲ್ಲ, ಮೂರು ತಿಂಗಳ ಉದ್ರಿ ಇಲ್ಲ. ಸೀರೆ ಮುಟ್ಟುವ ಮೊದಲೇ ದುಡ್ಡು.

ಕೇರಳದ ಚೇಂದಮಂಗಲಂ ಇದಕ್ಕಿಂತ ಮೊದಲೇ ದಾರಿ ತೋರಿಸಿತ್ತು. 2018ರ ನೆರೆಯಲ್ಲಿ ಅಲ್ಲಿಯ ಕೈಮಗ್ಗ ಸೊಸೈಟಿಗಳ ಓಣಂ ದಾಸ್ತಾನು ಕೆಸರಿನಲ್ಲಿ ಹಾಳಾಯಿತು. ಕೆಲವರು ಆ ಸೀರೆಗಳನ್ನು ಒಗೆದು, ಕತ್ತರಿಸಿ 'ಚೇಕುಟ್ಟಿ' ಗೊಂಬೆ ಮಾಡಿಸಿದರು. ಸಾವಿರದ ಮುನ್ನೂರು, ಸಾವಿರದ ಐನೂರಕ್ಕೆ ಮಾರಬೇಕಿದ್ದ ಒಂದು ಸೀರೆಯಿಂದ 360 ಗೊಂಬೆ; ತಲಾ 25 ರೂಪಾಯಿಯಂತೆ 9,000 ರೂಪಾಯಿ. ಜಾಲತಾಣಗಳಲ್ಲಿ ಸುದ್ದಿ ಹರಡಿ ಸ್ವಯಂಸೇವಕರೂ ಗಿರಾಕಿಗಳೂ ಸೇರಿಕೊಂಡರು.

ಆದರೆ ಚೇಕುಟ್ಟಿ ಒಂದು ಆಪತ್ತಿನ ಹೊತ್ತಿನ ನೆರವು. ಆಗ ಯಾರೂ ಗೊಂಬೆಯ ಹೊಲಿಗೆ ಸೊಟ್ಟ ಇದೆ ಅಂತ ವಾಪಸ್ ಕಳಿಸುವುದಿಲ್ಲ. ಸೀರೆ ವ್ಯಾಪಾರ ಹಾಗಲ್ಲ, ವರ್ಷಪೂರ್ತಿ ನಡೆಯುವಂಥದ್ದು. ಪ್ರೀತಿಯಿಂದ ಶುರುವಾದ ಸಂಬಂಧ ದಿನದಿನದ ವ್ಯವಹಾರಕ್ಕೆ ಬಂದಾಗ ತಿಕ್ಕಾಟ ಶುರುವಾಗುತ್ತದೆ.

ಒಂದು ಸೀರೆ, ಒಂದು ಕೊಂಡಿ

ಇಳಕಲ್ ಸೀರೆಯ ಗುರುತೇ ಅದರ ಜೋಡಣೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದ್ದಿರಬಹುದು, ರೇಷ್ಮೆಯದ್ದಿರಬಹುದು. ಸೆರಗು ಅಸಲಿ ರೇಷ್ಮೆ ಅಥವಾ ಚಮಕಾ ಎನ್ನುವ ಕೃತಕ ರೇಷ್ಮೆ. ಒಡಲಿನ ಪ್ರತಿ ಎಳೆಗೂ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು. ಆಮೇಲೆ ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಹಣಿಗೆ, ತೋಪುತೆನೆ, ರಂಪದ ಆಕಾರಗಳು ಮೂಡುತ್ತವೆ.

ಇದರ ಪರಿಣಾಮ ಏನು ಅಂತ ಮಗ್ಗ ನೋಡದವರಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ಬೇರೆ ಸೀರೆಗಳಿಗೆ ಉದ್ದನೆಯ ಹಾಸು ಒಮ್ಮೆ ಹೂಡಿ ಅದರ ಮೇಲೆ ಹಲವು ಸೀರೆ ನೇಯ್ದು ಕತ್ತರಿಸಬಹುದು. ಕೊಂಡಿ ಸೆರಗಿನ ಇಳಕಲ್ ಸೀರೆಗೆ ಅದು ಆಗುವುದಿಲ್ಲ. ಒಂದು ಸೀರೆಗೆ ಒಂದು ಹಾಸು. ಅದು ಮುಗಿದ ಮೇಲೆ ಮತ್ತೆ ಹೊಸದಾಗಿ ಕೊಂಡಿ. ನೂಲಿಗೆ ಬಣ್ಣ, ಗಂಜಿ, ಕಂಡಿಕೆ ಸುತ್ತುವುದು, ಕೊಂಡಿ ಹಾಕುವುದು ಎಲ್ಲ ಸೇರಿದರೆ ಒಂದು ಸೀರೆಯ ಹಿಂದೆ ಮನೆಯ ಮೂರು ಮಂದಿಯ ದುಡಿಮೆ, ಸುಮಾರು ವಾರದ ಹೊತ್ತು. ಮಗ್ಗದ ಕುಣಿಯಲ್ಲಿ ಕೂತವರೊಬ್ಬರು ಫೋಟೊದಲ್ಲಿ ಕಾಣ್ತಾರೆ. ಕಂಡಿಕೆ ಸುತ್ತಿದ, ಕೊಂಡಿ ಹಾಕಿದ ಮನೆಯ ಹೆಣ್ಣುಮಕ್ಕಳು ಹೆಚ್ಚಾಗಿ ಫೋಟೊದಲ್ಲೂ ಇಲ್ಲ, ಮಜೂರಿಯ ಲೆಕ್ಕದಲ್ಲೂ ಇಲ್ಲ.

ಈಗ ಒಂದು ಲೆಕ್ಕ ಹಾಕಿ. ವಾರಕ್ಕೆ ಒಂದರಂತೆ ಒಂದು ಮಗ್ಗಕ್ಕೆ ತಿಂಗಳಿಗೆ ನಾಲ್ಕು ಸೀರೆ. ಒಂದು ಪೋಸ್ಟ್ ಓಡಿ, ಒಂದೇ ಬಣ್ಣದ 200 ಸೀರೆಗೆ ಬೇಡಿಕೆ ಬಂತು ಅಂತ ಇಟ್ಟುಕೊಂಡರೆ, ತಿಂಗಳೊಳಗೆ ಕೊಡಲು 50 ಮಗ್ಗ ಬೇರೆ ಎಲ್ಲ ಕೆಲಸ ಬಿಟ್ಟು ಅದನ್ನೇ ನೇಯಬೇಕು. ನಾಲ್ಕೈದು ಮಗ್ಗ ಇಟ್ಟುಕೊಂಡ ಸಣ್ಣ ಮಾಲೀಕರಿಗೆ ಇದು ಆಗದ ಮಾತು.

ಆಗ ಅವರ ಮುಂದೆ ಇರುವ ದಾರಿ ಮೂರು. ಒಂದು, "ಆಗಂಗಿಲ್ಲ" ಅಂತ ಹೇಳಿ ಆರ್ಡರ್ ಬಿಡುವುದು. ಎರಡು, ಹೂಂ ಅಂದು ಮೂರು ನಾಲ್ಕು ತಿಂಗಳು ಕಾಯಿಸುವುದು. ಮೂರು, ಪವರ್‌ಲೂಮ್‌ನಲ್ಲಿ ಆದ ಅದೇ ಬಣ್ಣದ ಸೀರೆ ತಂದು ಸೇರಿಸಿ ಕಳಿಸುವುದು. ಮೊದಲನೆಯದರಲ್ಲಿ ಗಿರಾಕಿ ಹೋಗ್ತಾರೆ, ಎರಡನೆಯದರಲ್ಲಿ ಬೈಗುಳ, ಮೂರನೆಯದರಲ್ಲಿ ಮೋಸ. ಕೈಮಗ್ಗ ಉಳಿಸಬೇಕು ಅಂತ ಹಾಕಿದ ಪೋಸ್ಟೇ ಕೊನೆಗೆ ಪವರ್‌ಲೂಮ್‌ಗೆ ಕೆಲಸ ಕೊಡುವುದು ಹೀಗೆ. ಸಣ್ಣ ತಯಾರಕರಿಗೆ ಬೇಡಿಕೆ ಕಡಿಮೆಯಾದಾಗ ಕಷ್ಟ. ಒಮ್ಮೆಗೇ ನೆರೆಯಂತೆ ಬಂದರೂ ಕಷ್ಟ.

ಮತ್ತೆ ಆ ನೆರೆ ಹೆಚ್ಚು ದಿನ ನಿಲ್ಲುವುದಿಲ್ಲ. ಈ ವರ್ಷ ಇಳಕಲ್, ಬರುವ ವರ್ಷ ಇನ್ನೊಂದು. ಗುಂಪು ಮುಂದಿನ ನೇಯ್ಗೆಗೆ ಹೋದಾಗ ತಿಳಿ ಬಣ್ಣ ಬೇಕು ಅಂತ ಬಣ್ಣ ಹಾಕಿಸಿದ ನೂಲು ಮಾತ್ರ ಮನೆಯಲ್ಲಿ ಉಳಿಯುತ್ತದೆ. ಊರ ಹಳೇ ಗಿರಾಕಿಗೆ ಆ ಬಣ್ಣ ಬೇಡ.

'ನೇಕಾರರಿಂದ ನೇರ' ಅಂದರೆ ಯಾರಿಂದ?

ಗುಂಪುಗಳಲ್ಲಿ ಅತಿ ಹೆಚ್ಚು ಓಡುವ ಮಾತು 'ನೇಕಾರರಿಂದ ನೇರ'. ದಲ್ಲಾಳಿ ಬೇಡ, ಪೂರ್ತಿ ದುಡ್ಡು ನೇಯ್ದವರಿಗೇ ಸೇರಲಿ ಎಂಬುದು ಅದರ ಆಶಯ. ಆಶಯ ಒಳ್ಳೆಯದು. ಆದರೆ ಇಳಕಲ್, ಕಮತಗಿ, ಸೂಳೇಭಾವಿಯಂಥ ಊರುಗಳಲ್ಲಿ ಮಗ್ಗದ ವ್ಯವಸ್ಥೆ ನಡೆಯುವುದು ಹೆಚ್ಚಾಗಿ ಮಜೂರಿ ಮೇಲೆ. ನೂಲು, ರೇಷ್ಮೆ, ವಿನ್ಯಾಸ ಕೊಡುವವರು ಮಾಲೀಕರು ಅಥವಾ ಸಾವ್ಕಾರರು. ನೇಯ್ದು ಕೊಟ್ಟವರಿಗೆ ಸೀರೆಗಿಷ್ಟು ಅಂತ ಮಜೂರಿ. ಸೀರೆ ನೇಯ್ದವರದ್ದಲ್ಲ. ಹಾಗಾಗಿ ಅದನ್ನು 'ನೇರವಾಗಿ' ಮಾರುವ ಹಕ್ಕೂ ಅವರಿಗಿಲ್ಲ, ನೂಲಿಗೆ ಹಾಕುವ ಬಂಡವಾಳವೂ ಇಲ್ಲ.

ಹೀಗಿರುವಾಗ ಫೋನ್‌ನಲ್ಲಿ 'ನೇಕಾರ' ಅಂತ ಸಿಗುವವರು ಬಹಳ ಸಲ ಮಾಲೀಕರು, ಅವರ ಮಕ್ಕಳು, ಇಲ್ಲವೇ ಊರಿನ ಒಬ್ಬ ಹುಡುಗ, ಒಳ್ಳೆ ಕ್ಯಾಮೆರಾ ಇರುವ ಮೊಬೈಲ್ ಇಟ್ಟುಕೊಂಡು ಹತ್ತು ಮನೆಯ ಸೀರೆ ಕೂಡಿಸಿ ಮಾರುವವನು. ಇದರಲ್ಲಿ ತಪ್ಪಿಲ್ಲ. ಇಂಗ್ಲಿಷ್‌ನಲ್ಲಿ, ಹಿಂದಿಯಲ್ಲಿ ಉತ್ತರ ಕೊಡುವುದು, ನೆರಿಗೆ ಬಿಡಿಸಿ ವಿಡಿಯೊ ಮಾಡುವುದು, ಪಾರ್ಸೆಲ್ ಕಟ್ಟುವುದು, ವಾಪಸ್ ಬಂದರೆ ಸಂಭಾಳಿಸುವುದು ಇದೆಲ್ಲ ಕೆಲಸವೇ. ದಿನಕ್ಕೆ ಎಂಟು ತಾಸು ಕುಣಿಮಗ್ಗದಲ್ಲಿ ಕೂತವರು ರಾತ್ರಿ ಹನ್ನೊಂದಕ್ಕೆ "ಇದೇ ಸೀರೆ ಬೆಳಕಲ್ಲಿ ಹಿಡಿದು ಇನ್ನೊಂದು ಫೋಟೊ ಹಾಕಿ" ಅನ್ನುವ ಮೆಸೇಜಿಗೆ ಉತ್ತರ ಕೊಡ್ತಾ ಕೂರಲು ಸಾಧ್ಯವಿಲ್ಲ.

ಸಮಸ್ಯೆ ಬರುವುದು ಚೌಕಾಸಿಯಲ್ಲಿ. "ನೇರ ಅಂದ ಮೇಲೆ ಅಂಗಡಿಗಿಂತ ಅರ್ಧ ಬೆಲೆ ಆಗಬೇಕಲ್ಲ" ಎಂಬ ಲೆಕ್ಕ ಗಿರಾಕಿಯದು. ಲೆಕ್ಕ ತಿಳಿಯಲಿಕ್ಕೆ ಮಾತ್ರ ಒಂದು ಉದಾಹರಣೆ: ಅಂಗಡಿಯಲ್ಲಿ 4,000 ರೂಪಾಯಿಯ ಸೀರೆ ಆನ್‌ಲೈನ್‌ನಲ್ಲಿ 3,000ಕ್ಕೆ ಬಂತು ಅಂದುಕೊಳ್ಳಿ. ನೂಲಿನ ಬೆಲೆ ಇಳಿಯಲಿಲ್ಲ, ಬಣ್ಣದ ಖರ್ಚು ಇಳಿಯಲಿಲ್ಲ. ಮಜೂರಿ ಮೊದಲಿನಷ್ಟೇ ಉಳಿದರೆ ಉಳಿತಾಯದ 1,000 ರೂಪಾಯಿ ಪೂರ್ತಿ ಹೋಗಿದ್ದು ಗಿರಾಕಿಗೆ. ನೇಯ್ದವರ ಕೈಗೆ ಬಂದಿದ್ದು ಸೊನ್ನೆ. 'ನೇರ ಖರೀದಿ' ಆದರೂ ನೇಕಾರರ ಬದುಕು ಬದಲಾಗದ ಗುಟ್ಟು ಇಲ್ಲಿದೆ. ಬೆಲೆ ಎಷ್ಟು ಅಂತ ಕೇಳುವ ಗುಂಪುಗಳು ಮಜೂರಿ ಎಷ್ಟು ಅಂತ ಕೇಳುವುದು ಅಪರೂಪ.

ಇದು ಎಷ್ಟು ಗಂಭೀರ ಅನ್ನುವುದಕ್ಕೆ 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ನೋಡಿದರೆ ಸಾಕು. ದೇಶದಲ್ಲಿ ನೇಕಾರರು, ಪೂರಕ ಕೆಲಸಗಾರರು ಸೇರಿ 35 ಲಕ್ಷಕ್ಕೂ ಹೆಚ್ಚು ಮಂದಿ. ಅವರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಈ ಆದಾಯದಲ್ಲಿ ಮಗ ಮಗ್ಗಕ್ಕೆ ಕೂರಲಿ ಅಂತ ಯಾವ ತಂದೆಯೂ ಹೇಳುವುದಿಲ್ಲ.

ಅಸಲಿ–ನಕಲಿ ಪಂಚಾಯ್ತಿ

ಎರಡನೇ ದೊಡ್ಡ ತಕರಾರು ಗುರುತಿನದು. ಇಳಕಲ್ ಸೀರೆಗೆ ಭೌಗೋಳಿಕ ಮಾನ್ಯತೆ (ಜಿಐ) ಇದೆ. ಆದರೂ ಮಾರುಕಟ್ಟೆಯಲ್ಲಿ 'ಇಳಕಲ್' ಎಂಬ ಹೆಸರಿನಲ್ಲಿ ಪವರ್‌ಲೂಮ್ ಸೀರೆ ಧಾರಾಳವಾಗಿ ಸಿಗುತ್ತದೆ. ದಡಿ, ಸೆರಗನ್ನು ಪ್ರಿಂಟ್ ಹೊಡೆದದ್ದೂ ಸಿಗುತ್ತದೆ. ದುಡ್ಡು ಕೊಟ್ಟು ಮೋಸ ಹೋದವರು ಸಹಜವಾಗಿಯೇ ಗುಂಪಿನಲ್ಲಿ ಕೇಳ್ತಾರೆ: "ಇದು ಕೈಮಗ್ಗದ್ದಾ?"

ಅಲ್ಲಿಂದ ಪಂಚಾಯ್ತಿ ಶುರು. ಅಂಚಿನಲ್ಲಿ ತೂತು ಇದೆಯಾ, ಹಿಂದೆ ದಾರ ತೇಲಿದೆಯಾ, ನೇಯ್ಗೆ ಒಂದೇ ಸಮ ಇದೆಯಾ ಅಂತ ಫೋಟೊ ನೋಡಿಯೇ ತೀರ್ಪು. ಇವುಗಳಲ್ಲಿ ಯಾವುದೂ ಒಂದೇ ನಿಂತು ಸಾಕ್ಷಿ ಆಗಲಾರದು. ಬಟ್ಟೆ ಬಿಗಿಯಾಗಿ ಹಿಡಿಯುವ ಸಾಧನ ಪವರ್‌ಲೂಮ್‌ನಲ್ಲೂ ಇರುತ್ತದೆ, ಹಾಗಾಗಿ ಅಂಚಿನ ತೂತು ಅಲ್ಲೂ ಬೀಳುತ್ತದೆ. ಪಳಗಿದ ಕೈಯ ನೇಯ್ಗೆ ಯಂತ್ರದಷ್ಟೇ ಸಮ ಇರಬಹುದು. ಇಳಕಲ್ ಮಟ್ಟಿಗೆ ನಂಬಬಹುದಾದ ಗುರುತು ಅಂದರೆ ಒಡಲೂ ಸೆರಗೂ ಸೇರುವ ಕಡೆ ಸೀರೆ ತಿರುವಿ ಹಾಕಿ ಕೊಂಡಿ ಇದೆಯಾ ಅಂತ ನೋಡುವುದು. ಇದನ್ನು ಕೈಯಲ್ಲಿ ಹಿಡಿದು ನೋಡಬೇಕು, ಬಲ್ಲವರು ನೋಡಬೇಕು.

ಆದರೆ ಸಾವಿರಾರು ಮಂದಿಯ ಗುಂಪಿನಲ್ಲಿ ಒಬ್ಬರು 'ಪಕ್ಕಾ ಪವರ್‌ಲೂಮ್' ಅಂದರೆ ಮುಗೀತು. ಮಾರಿದವರ ಹೆಸರು, ನಂಬರ್ ಸಮೇತ ಸ್ಕ್ರೀನ್‌ಶಾಟ್ ಹತ್ತು ಕಡೆ ಹೋಗುತ್ತದೆ. ಆರೋಪ ಸುಳ್ಳು ಅಂತ ಆಮೇಲೆ ಗೊತ್ತಾದರೂ ತಿದ್ದುಪಡಿ ಅಷ್ಟು ದೂರ ಹೋಗುವುದಿಲ್ಲ. ದೊಡ್ಡ ಕಂಪನಿಗೆ ಒಂದು ಕೆಟ್ಟ ವಿಮರ್ಶೆ ಸಾವಿರದಲ್ಲಿ ಒಂದು. ಮೂರು ಮಗ್ಗದ ಮನೆಗೆ ಅದೇ ಇಡೀ ವ್ಯಾಪಾರ. ಅವರ ಪರ ಮಾತಾಡಲು ಗುಂಪಿನಲ್ಲಿ ಅವರೇ ಇರುವುದಿಲ್ಲ. ಇದ್ದರೂ ಚರ್ಚೆ ನಡೆಯುವುದು ಇಂಗ್ಲಿಷ್‌ನಲ್ಲಿ.

ಇನ್ನೊಂದು ಇಕ್ಕಟ್ಟೂ ಇದೆ. ಗಂಟು, ಬಣ್ಣದಲ್ಲಿ ಸಣ್ಣ ವ್ಯತ್ಯಾಸ, ಎಳೆ ದಪ್ಪ ತೆಳುವಾಗುವುದು ಕೈನೇಯ್ಗೆಯ ಸಹಜ ಗುಣ ಅಂತ ಗುಂಪಿನಲ್ಲಿ ಎಲ್ಲರೂ ಬರೀತಾರೆ. ತಮ್ಮ ಮನೆಗೆ ಬಂದ ಸೀರೆಯಲ್ಲಿ ಅದೇ ಕಂಡರೆ 'ಡಿಫೆಕ್ಟ್' ಅಂತ ವಾಪಸ್ ಕಳಿಸ್ತಾರೆ. 'ಪರಂಪರೆ ಬದಲಾಯಿಸಬೇಡಿ' ಅನ್ನುವವರೂ ಅಲ್ಲೇ, 'ತಿಳಿ ಬಣ್ಣದಲ್ಲಿ, ಲಿನನ್ ಒಡಲಲ್ಲಿ, ಬ್ಲೌಸ್ ಪೀಸ್ ಸೇರಿಸಿ ಕೊಡಿ' ಅನ್ನುವವರೂ ಅಲ್ಲೇ. ಮಗ್ಗದ ಮನೆಯವರು ಯಾರ ಮಾತು ಕೇಳಬೇಕು?

ಗುಂಪಿನವರ ದೂರಿನಲ್ಲೂ ಹುರುಳಿದೆ

ಹಂಗಂತ ತಪ್ಪೆಲ್ಲ ಗಿರಾಕಿಗಳದ್ದು ಅಂದರೆ ಅದು ಪಕ್ಷಪಾತ. ಪವರ್‌ಲೂಮ್ ಸೀರೆಗೆ ಕೈಮಗ್ಗದ ಕಥೆ ಕಟ್ಟಿ ಮಾರುವವರು ಜಿಲ್ಲೆಯ ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಮುಂಗಡ ತಗೊಂಡು ಫೋನ್ ಎತ್ತದವರಿದ್ದಾರೆ. ಒಂದು ಸೀರೆಯ ಫೋಟೊ ತೋರಿಸಿ ಇನ್ನೊಂದು ಕಳಿಸುವವರಿದ್ದಾರೆ. ಚಮಕಾ ಸೆರಗನ್ನು 'ಪ್ಯೂರ್ ಸಿಲ್ಕ್' ಅನ್ನುವವರಿದ್ದಾರೆ.

ಗುಂಪು ನಡೆಸುವವರ ಪಾಡೂ ಸುಲಭದ್ದಲ್ಲ. ಬಹಳಷ್ಟು ಅಡ್ಮಿನ್‌ಗಳು ಒಂದು ಪೈಸೆ ಇಲ್ಲದೆ ದಿನಕ್ಕೆ ಗಂಟೆಗಟ್ಟಲೆ ದುಡಿಯುವವರು. ತಾವು ಪರಿಚಯಿಸಿದ ನೇಕಾರರು ಕೈಕೊಟ್ಟರೆ ಸದಸ್ಯರು ಬೈಯುವುದು ಇವರನ್ನೇ. ಹತ್ತು ಸಲ ಹೀಗಾದ ಮೇಲೆ ಅವರು ಗುರುತಿನ ಅಂಗಡಿ, ಬ್ರ್ಯಾಂಡ್‌ಗಳಿಗೆ ವಾಪಸ್ ಹೋದರೆ ದೂರುವಂತಿಲ್ಲ. ಒಬ್ಬರ ಮೋಸಕ್ಕೆ ನೂರು ಪ್ರಾಮಾಣಿಕ ಮಗ್ಗಗಳು ದಂಡ ತೆರುವುದು ಹೀಗೆ.

ಇನ್ನೊಂದು ಕಡೆ, ಕೆಲವು ಅಡ್ಮಿನ್‌ಗಳ ಅಧಿಕಾರ ವ್ಯಾಪಾರವಾಗಿ ತಿರುಗಿದ್ದೂ ಉಂಟು. ಪೋಸ್ಟ್ ಹಾಕಲು 'ಒಂದು ಸೀರೆ ಕಳಿಸಿ', ಮಾರಾಟದಲ್ಲಿ ಇಷ್ಟು ಪಾಲು ಕೊಡಿ ಎಂಬ ಬೇಡಿಕೆ. ಪುಕ್ಕಟೆ ಸೀರೆ ಪಡೆದು ಹೊಗಳುವುದನ್ನು ಓದುಗರಿಗೆ ತಿಳಿಸಬೇಕು ಅಂತ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಉಡುಗೊರೆ, ರಿಯಾಯಿತಿ, ಕಮಿಷನ್ ಯಾವುದೇ ಇದ್ದರೂ ಸ್ಪಷ್ಟವಾಗಿ ಹೇಳಬೇಕು. ಸೀರೆ ಗುಂಪುಗಳಿಗೂ ಇದೇ ಅನ್ವಯ.

ಫೋಟೊ ಹಾಕಿದ್ದೇ ನಕಲಿಗೆ ದಾರಿ

ಕಣ್ಣಿಗೆ ಬೀಳದ ಇನ್ನೊಂದು ಪೆಟ್ಟು ವಿನ್ಯಾಸದ್ದು. ಹವ್ಯಾಸಿಗಳು ಪ್ರೀತಿಯಿಂದ ಸೆರಗಿನ ಹತ್ತಿರದ ಫೋಟೊ, ದಡಿಯ ಫೋಟೊ, ಬಣ್ಣದ ಹೆಸರು ಎಲ್ಲ ಹಾಕ್ತಾರೆ. ಯಾವುದಕ್ಕೆ ಹೆಚ್ಚು ಲೈಕ್ ಬಂತು ಅನ್ನುವುದೂ ಅಲ್ಲೇ ಕಾಣುತ್ತದೆ. ಪ್ರಿಂಟ್ ಬಟ್ಟೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮಾರುಕಟ್ಟೆ ಸಮೀಕ್ಷೆ ಬೇಕೇ? ಮಗ್ಗದ ಮೇಲೆ ಎರಡನೇ ಸೀರೆ ಏರುವ ಹೊತ್ತಿಗೆ ಅದೇ ವಿನ್ಯಾಸದ ಪ್ರಿಂಟ್ ಸೀರೆ ಕೆಲವೇ ನೂರು ರೂಪಾಯಿಗೆ ಮಾರುಕಟ್ಟೆಯಲ್ಲಿ ಇರಬಹುದು.

ಇಲ್ಲಿ ಒಂದು ಮಾತು ಸ್ಪಷ್ಟ ಇರಬೇಕು. ಪವರ್‌ಲೂಮ್ ಈ ಜಿಲ್ಲೆಗೆ ಪರಕೀಯ ಅಲ್ಲ. ರಬಕವಿ–ಬನಹಟ್ಟಿ ಭಾಗದ ಎಷ್ಟೋ ಕುಟುಂಬಗಳ ಅನ್ನ ಅದರಿಂದಲೇ. ಪವರ್‌ಲೂಮ್ ಸೀರೆಯನ್ನು ಪವರ್‌ಲೂಮ್ ಸೀರೆ ಅಂತಲೇ ಮಾರಿದರೆ ಯಾರ ತಕರಾರೂ ಇರಲಾರದು. ತಕರಾರು ಇರುವುದು ಹೆಸರು ಕದಿಯುವುದರಲ್ಲಿ.

ಕಾನೂನು ಇದೆ, ಮಗ್ಗದ ತನಕ ಬರುವುದಿಲ್ಲ

ಕೆಲವು ಉತ್ಪನ್ನ ಕೈಮಗ್ಗಕ್ಕೇ ಮೀಸಲು ಅಂತ 1985ರಲ್ಲೇ ಕಾಯ್ದೆ ಆಗಿದೆ. ಮೊದಲು 22 ಇದ್ದ ಪಟ್ಟಿ ಈಗ 11ಕ್ಕೆ ಇಳಿದಿದೆ. ನಿಗದಿತ ಬಗೆಯ ಸೀರೆಗಳು ಅದರಲ್ಲಿವೆ. 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್, 2015ರಲ್ಲಿ ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್ ಬಂದವು. ಜಿಐ ಹೆಸರು ಬಳಸಲು ತಯಾರಕರು 'ಅಧಿಕೃತ ಬಳಕೆದಾರ' ಅಂತ ನೋಂದಣಿ ಮಾಡಿಸಿಕೊಳ್ಳಬಹುದು. ಇವೆಲ್ಲ ಇದ್ದೂ ಗಿರಾಕಿ ಕೊನೆಗೆ ಗುಂಪಿನಲ್ಲೇ "ಇದು ಅಸಲಿನಾ?" ಅಂತ ಕೇಳುವ ಸ್ಥಿತಿ ಇದೆ ಅಂದರೆ, ಇಲಾಖೆಯ ಗುರುತಿನ ಚೀಟಿ ಸೀರೆಯ ತನಕ ಬಂದಿಲ್ಲ ಅಂತಲೇ ಅರ್ಥ. ಸರ್ಕಾರ ಮಾಡಬೇಕಾದ ಪರೀಕ್ಷೆಯನ್ನು ಹವ್ಯಾಸಿಗಳು ಅರೆಬರೆ ಜ್ಞಾನದಲ್ಲಿ ಮಾಡ್ತಿದ್ದಾರೆ.

ನೇಕಾರರೇ ನೇರವಾಗಿ ದೊಡ್ಡ ಜಾಲತಾಣಗಳಲ್ಲಿ ಮಾರಬಹುದಲ್ಲ ಅಂತ ಕೇಳುವವರಿದ್ದಾರೆ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣವರು ಇ-ಕಾಮರ್ಸ್ ತಾಣಗಳಲ್ಲಿ ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶ ಸಿಕ್ಕಿದೆ. ಆದರೆ ಅದು ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಇಳಕಲ್ ಸೀರೆಯ ದೊಡ್ಡ ಗಿರಾಕಿಗಳು ಪುಣೆ, ಮುಂಬೈ, ಸೊಲ್ಲಾಪುರದಲ್ಲೂ ಇದ್ದಾರೆ. ಹೀಗಾಗಿ ವಾಟ್ಸಾಪ್ ಗುಂಪೇ ಗತಿ. ರಾಜ್ಯ ಸರ್ಕಾರದ ನೇಕಾರ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 2,000 ಇದ್ದದ್ದು 5,000 ರೂಪಾಯಿ ಆಯಿತು. ಅದು ಉಪಯೋಗಕ್ಕೆ ಬರುವ ನೆರವು ಹೌದು, ಆದರೆ ಮಾರುಕಟ್ಟೆಯ ಸಮಸ್ಯೆಗೆ ಅದು ಉತ್ತರ ಅಲ್ಲ.

ಏನು ಮಾಡಬಹುದು?

ದೊಡ್ಡ ಯೋಜನೆಗೆ ಕಾಯದೆ ಎರಡೂ ಕಡೆಯವರು ಮಾಡಿಕೊಳ್ಳಬಹುದಾದ ಕೆಲವು ಕಟ್ಟುಪಾಡುಗಳಿವೆ.

ಗುಂಪುಗಳು ಒಂದು ಪೋಸ್ಟಿಗೆ ಇಷ್ಟೇ ಸೀರೆ ಅಂತ ಮಿತಿ ಹಾಕಬಹುದು. ನಾಲ್ಕು ಮಗ್ಗದವರಿಗೆ ತಿಂಗಳಿಗೆ ಹದಿನಾರು ಸೀರೆ, ಉಳಿದವರು ಸರದಿಯಲ್ಲಿ. ಒಂದು ತಿಂಗಳು 200 ಸೀರೆ, ಆಮೇಲೆ ಆರು ತಿಂಗಳು ಸೊನ್ನೆ ಆಗುವುದಕ್ಕಿಂತ ವರ್ಷಪೂರ್ತಿ ಹದಿನಾರು ಬಂದರೆ ಮನೆ ನಡೆಯುತ್ತದೆ. ಮುಂಗಡ ಪೂರ್ತಿ ಕೊಡುವ ಬದಲು ನೂಲಿನ ಖರ್ಚಿನಷ್ಟು ಮೊದಲು, ಬಾಕಿ ಸೀರೆ ಮಗ್ಗದಿಂದ ಇಳಿದ ಮೇಲೆ ಅಂತ ಮಾಡಿಕೊಂಡರೆ ಇಬ್ಬರಿಗೂ ಧೈರ್ಯ.

ಮಾರುವವರು ಸೀರೆ ಜೊತೆ ನಾಲ್ಕೇ ವಿಷಯ ಬರೆದು ಕೊಟ್ಟರೆ ಅರ್ಧ ಜಗಳ ನಿಲ್ಲುತ್ತದೆ: ಒಡಲು ಯಾವ ನೂಲು, ಸೆರಗು ರೇಷ್ಮೆಯೋ ಚಮಕಾನೋ, ಕೊಂಡಿ ಇದೆಯೋ ಇಲ್ಲವೋ, ಮಗ್ಗ ಯಾವುದು. ಪವರ್‌ಲೂಮ್ ಆದರೆ ಹಾಗಂತಲೇ ಬರೆಯಲಿ, ಅದಕ್ಕೂ ಗಿರಾಕಿ ಇದ್ದಾರೆ. ಒಡಲು–ಸೆರಗು ಸೇರುವ ಜಾಗದ ಹಿಂಬದಿಯ ಫೋಟೊ ಒಂದು ಹಾಕುವುದು ರೂಢಿಯಾದರೆ ಇನ್ನೂ ಒಳ್ಳೆಯದು.

ಅನುಮಾನ ಬಂದಾಗ ಮೊದಲು ಮಾರಿದವರನ್ನು ಕೇಳಿ, ಒಂದೆರಡು ದಿನ ಉತ್ತರಕ್ಕೆ ಕಾದು, ಆಮೇಲೆ ಗುಂಪಿಗೆ ಹಾಕುವುದು ನಿಯಮ ಆಗಬೇಕು. ನಿಜವಾಗಿಯೂ ದೋಷ ಇದ್ದರೆ, ಹೇಳಿದ್ದೊಂದು ಕಳಿಸಿದ್ದೊಂದು ಆದರೆ, ವಾಪಸ್ ತಗೊಳ್ಳಲು ನಿರಾಕರಿಸುವಂತಿಲ್ಲ ಅಂತ 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳೇ ಹೇಳುತ್ತವೆ. ಮನಸ್ಸು ಬದಲಾಯಿತು, ಮೊಬೈಲಿನಲ್ಲಿ ಕಂಡ ಬಣ್ಣಕ್ಕೂ ಇದಕ್ಕೂ ಒಂದೆಳೆ ವ್ಯತ್ಯಾಸ ಇದೆ ಎಂಬಂಥವನ್ನು ಮೂರು ಮಗ್ಗದ ಮನೆಯ ಮೇಲೆ ಹೊರಿಸಬಾರದು ಎಂಬ ವಿವೇಚನೆ ಗಿರಾಕಿಗೂ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮಜೂರಿ. "ಈ ಸೀರೆಗೆ ನೇಯ್ದವರಿಗೆ ಎಷ್ಟು ಕೊಟ್ಟಿರಿ? ಕೊಂಡಿ ಹಾಕಿದವರಿಗೆ ಎಷ್ಟು?" ಎಂಬ ಪ್ರಶ್ನೆಯನ್ನು ಗುಂಪುಗಳು ಬೆಲೆಯ ಪ್ರಶ್ನೆಯಷ್ಟೇ ಸಲೀಸಾಗಿ ಕೇಳುವಂತಾದರೆ ಮಾಲೀಕರೂ ಉತ್ತರಕ್ಕೆ ತಯಾರಾಗಬೇಕಾಗುತ್ತದೆ. ಪ್ರಾಮಾಣಿಕವಾಗಿ ಕೊಡುವವರಿಗೆ ಅದೇ ಜಾಹೀರಾತು.

ಇನ್ನು ಜಿಲ್ಲಾಡಳಿತ, ಕೈಮಗ್ಗ ಮತ್ತು ಜವಳಿ ಇಲಾಖೆ. ಸೀರೆ ಪರೀಕ್ಷಿಸಿ ಚೀಟಿ ಅಂಟಿಸಿ ಕೊಡುವ ಒಂದು ಮೇಜು ಇಳಕಲ್‌ನಲ್ಲೇ ಇದ್ದರೆ, ಬಲ್ಲ ಹಿರಿಯ ನೇಕಾರರೊಬ್ಬರು ಅಲ್ಲಿ ಕೂತರೆ, ಗುಂಪುಗಳ ಪಂಚಾಯ್ತಿಗೆ ಕೆಲಸವೇ ಉಳಿಯುವುದಿಲ್ಲ. ಸಹಕಾರ ಸಂಘಗಳು ಫೋಟೊ, ಪಾರ್ಸೆಲ್, ಇಂಗ್ಲಿಷ್ ಉತ್ತರ ನೋಡಿಕೊಳ್ಳಲು ಓದಿದ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಸಂಬಳಕ್ಕೆ ಇಟ್ಟುಕೊಳ್ಳಬಹುದು. ಮಗ್ಗದ ಮನೆಯ ಮಕ್ಕಳು ಬೆಂಗಳೂರಿಗೆ ಹೋಗದೆ ಊರಲ್ಲೇ ಮಾಡಬಹುದಾದ ಕೆಲಸ ಇದು.

ದಸರಾ, ದೀಪಾವಳಿ, ಮದುವೆ ಸೀಸನ್ ಸಾಲಾಗಿ ಬರುತ್ತವೆ. ಆಗಸ್ಟ್ 7ರ ಫೋಟೊಗಳ ಕೆಳಗೆ ಬಿದ್ದ ಕೋರಿಕೆಗಳು ಆ ಹೊತ್ತಿಗೆ ಆರ್ಡರ್ ಆಗಿ ಮಗ್ಗಕ್ಕೆ ಬರುತ್ತವೆ. ಆ ಸೀರೆ ನೇಯಲು ಹಿಡಿಯುವ ವಾರವನ್ನು, ಮೂರು ಮಂದಿಯ ಮಜೂರಿಯನ್ನು ಗಿರಾಕಿಯೂ ಮಾಲೀಕರೂ ಲೆಕ್ಕಕ್ಕೆ ಹಿಡಿದರೆ ಕೊಂಡಿ ಹಾಕುವ ಕೈಗಳು ಉಳಿಯುತ್ತವೆ. ಇಲ್ಲದಿದ್ದರೆ ಹೆಸರು, ಫೋಟೊ, ಅಭಿಮಾನಿಗಳ ಗುಂಪು ಎಲ್ಲ ಇರುತ್ತವೆ. ಕುಣಿಮಗ್ಗದಲ್ಲಿ ಕೂರುವವರು ಮಾತ್ರ ಇರುವುದಿಲ್ಲ.